ಕಾರು ಕೊಳ್ಳುವ ಮುನ್ನ ಬಟನ್ ಮುಟ್ಟಿ ನೋಡಿ

ಸ್ವೀಡನ್ನಿನ ಕಾರು ಪತ್ರಿಕೆ ‘ವಿ ಬಿಲ್‌ಎಗಾರೆ’ 2022ರಲ್ಲಿ ಒಂದು ಪರೀಕ್ಷೆ ನಡೆಸಿತು. ಹನ್ನೊಂದು ಹೊಸ ಕಾರು, ಜೊತೆಗೆ 2005ರ ಒಂದು ಹಳೇ ವೋಲ್ವೊ ವಿ70. ಎಲ್ಲವನ್ನೂ ಒಂದು ಏರ್‌ಫೀಲ್ಡಿಗೆ ಒಯ್ದು, ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತಲೇ ನಾಲ್ಕು ಕೆಲಸ ಮಾಡಿ ಎಂದರು. ಸೀಟಿನ ಹೀಟರ್ ಹಾಕಿ, ಒಳಗಿನ ತಾಪಮಾನ ಎರಡು ಡಿಗ್ರಿ ಏರಿಸಿ, ಗಾಜಿನ ಮಂಜು ತೆಗೆಯುವ ಡಿಫ್ರಾಸ್ಟರ್ ಚಾಲೂ ಮಾಡುವುದು ಒಂದು. ರೇಡಿಯೊದಲ್ಲಿ ಹೇಳಿದ ಸ್ಟೇಷನ್ ಹಿಡಿಯುವುದು ಇನ್ನೊಂದು. ಟ್ರಿಪ್ ಮೀಟರನ್ನು ಸೊನ್ನೆಗೆ ತರುವುದು, ಮೀಟರಿನ ಬೆಳಕು ತಗ್ಗಿಸಿ ನಡುವಿನ ಪರದೆ ಆರಿಸುವುದು ಉಳಿದೆರಡು. ಕಾರಿನ ಪರಿಚಯ ಮಾಡಿಕೊಳ್ಳಲು ಓಡಿಸುವವರಿಗೆ ಮೊದಲೇ ಸಮಯ ಕೊಟ್ಟಿದ್ದರು.

ಬರೀ ಬಟನ್, ನಾಬ್‌ಗಳಿದ್ದ ಹಳೇ ವೋಲ್ವೊದಲ್ಲಿ ನಾಲ್ಕೂ ಕೆಲಸ 10 ಸೆಕೆಂಡಿನಲ್ಲಿ ಮುಗಿದವು. ಅಷ್ಟರಲ್ಲಿ ಕಾರು ಓಡಿದ ದೂರ 306 ಮೀಟರ್. ಬಿಎಂಡಬ್ಲ್ಯು ಐಎಕ್ಸ್‌ನಲ್ಲಿ ಅದೇ ಕೆಲಸಕ್ಕೆ 30 ಸೆಕೆಂಡ್ ಹಿಡಿಯಿತು, 928 ಮೀಟರ್ ಕಳೆಯಿತು. ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಎಂಜಿ ಮಾರ್ವೆಲ್ ಆರ್: ಸುಮಾರು 45 ಸೆಕೆಂಡ್, 1372 ಮೀಟರ್. ಆ ಹೊಸ ಕಾರುಗಳಲ್ಲೇ ಅಗ್ಗದ್ದೆನ್ನಬಹುದಾದ ಡಾಸಿಯಾ ಸಾಂಡೆರೊ ಮಾತ್ರ 13.5 ಸೆಕೆಂಡಿನಲ್ಲಿ ಮುಗಿಸಿ ದುಬಾರಿ ಗಾಡಿಗಳನ್ನು ಹಿಂದೆ ಹಾಕಿತು. ಟಚ್‌ಸ್ಕ್ರೀನ್ ಇದ್ದೂ ವೋಲ್ವೊದ ಹೊಸ ಸಿ40 ಹೆಚ್ಚುಕಡಿಮೆ ಅಷ್ಟೇ ಸಮಯ ತೆಗೆದುಕೊಂಡಿತು. ಪರದೆ ಇದ್ದ ಮಾತ್ರಕ್ಕೆ ಕಾರು ಕೆಟ್ಟದ್ದಲ್ಲ; ಯಾವ ಕೆಲಸವನ್ನು ಪರದೆಗೆ ಹಾಕಿದ್ದಾರೆ, ಎಷ್ಟು ಒಳಗೆ ಬಚ್ಚಿಟ್ಟಿದ್ದಾರೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಹೊಸ ಕಾರು ನೋಡಲು ಹೊರಟವರು ಮೈಲೇಜು, ಏರ್‌ಬ್ಯಾಗು, ಬೂಟ್ ಸ್ಪೇಸು ಕೇಳುತ್ತಾರೆ. ಯಾವುದಕ್ಕೆ ಬಟನ್ ಇದೆ, ಯಾವುದು ಪರದೆಯಲ್ಲಿದೆ ಎಂದು ಕೇಳುವವರು ಕಡಿಮೆ.

ಕಣ್ಣು ರಸ್ತೆ ಬಿಟ್ಟರೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಎರಡು ಸೆಕೆಂಡ್ ಪರದೆ ನೋಡಿದರೆ ಸುಮಾರು 56 ಮೀಟರ್ ಕುರುಡಾಗಿ ಓಡಿಸಿದ ಹಾಗೆ. ಈ ಎರಡು ಸೆಕೆಂಡ್ ನಾನು ಸುಮ್ಮನೆ ಹಿಡಿದ ಲೆಕ್ಕವಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2013ರಲ್ಲಿ ಕೊಟ್ಟ ಮಾರ್ಗಸೂಚಿ ಅದು: ಕಾರಿನೊಳಗಿನ ಯಾವ ಕೆಲಸಕ್ಕೂ ಒಂದು ಸಲಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಕಣ್ಣು ಕೀಳುವಂತಿರಬಾರದು, ಒಟ್ಟು 12 ಸೆಕೆಂಡ್ ಮೀರಬಾರದು. ಕಂಪನಿಗಳು ಪಾಲಿಸಲೇಬೇಕೆಂಬ ಕಾನೂನಲ್ಲ, ಸಲಹೆ ಮಾತ್ರ. 2017ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ರಸ್ತೆ ಸುರಕ್ಷತೆಯ ಸಂಶೋಧನೆ ನಡೆಸುವ ಎಎಎ ಫೌಂಡೇಶನ್ನಿಗಾಗಿ ಅಳೆದಾಗ, ಓಡಿಸುತ್ತಾ ನ್ಯಾವಿಗೇಶನ್ನಿಗೆ ಊರಿನ ಹೆಸರು ಹಾಕುವ ಕೆಲಸಕ್ಕೆ ಸರಾಸರಿ 40 ಸೆಕೆಂಡ್ ಬೇಕಾಗಿತ್ತು.

ಬಟನ್ನಿಗೂ ಟಚ್‌ಗೂ ಇರುವ ವ್ಯತ್ಯಾಸ ಬೆರಳ ತುದಿಯಲ್ಲಿದೆ. ಕರೆಂಟ್ ಹೋದ ರಾತ್ರಿ ನಮ್ಮ ಮನೆಯ ಸ್ವಿಚ್‌ಬೋರ್ಡನ್ನು ಕೈ ತಾನಾಗಿ ಹುಡುಕಿಕೊಳ್ಳುವುದಿಲ್ಲವೇ, ಕಾರಿನ ಎಸಿ ನಾಬ್ ಕೂಡ ಹಾಗೆಯೇ. ಎರಡು ವಾರ ಓಡಿಸಿದರೆ ಕಣ್ಣಿನ ಹಂಗಿಲ್ಲದೆ ಕೈಗೆ ಸಿಗುತ್ತದೆ. ಎಷ್ಟು ತಿರುಗಿತು ಎನ್ನುವುದು ಕಟಕಟ ಅನ್ನುವುದರಲ್ಲೇ ಗೊತ್ತಾಗುತ್ತದೆ. ಪರದೆಯಲ್ಲಿ ಹಾಗಲ್ಲ. ಚಿತ್ರ ಎಲ್ಲಿದೆ ಎಂದು ಮೊದಲು ಕಣ್ಣು ಹುಡುಕಬೇಕು, ಬೆರಳನ್ನು ಅಲ್ಲಿಯವರೆಗೂ ಕಣ್ಣೇ ಕರೆದೊಯ್ಯಬೇಕು, ಕೆಲಸ ಆಯಿತೋ ಇಲ್ಲವೋ ಎಂದು ಮತ್ತೆ ಕಣ್ಣೇ ನೋಡಬೇಕು. ರಸ್ತೆ ಕಿತ್ತುಹೋಗಿದ್ದರೆ ಕೇಳುವುದೇ ಬೇಡ. ಗಾಡಿ ಎಗರಿದಾಗ ಬೆರಳು ಫ್ಯಾನಿನ ಬದಲು ಪಕ್ಕದ ಚಿತ್ರದ ಮೇಲೆ ಬಿದ್ದು, ಯಾರಿಗೋ ಫೋನ್ ಹೋಗಿರುತ್ತದೆ.

ಇನ್ನೊಂದು ವಿಷಯವನ್ನು ಮಾರುವವರು ಯಾರೂ ಹೇಳುವುದಿಲ್ಲ: ಚಾಳೀಸು. ನಲವತ್ತೈದು ದಾಟಿದವರಲ್ಲಿ ಎಷ್ಟೋ ಜನಕ್ಕೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ ಅಕ್ಷರಕ್ಕೆ ಕನ್ನಡಕ ಬೇಕು. ಓಡಿಸುವಾಗ ಓದುವ ಕನ್ನಡಕ ಹಾಕಿರುವುದಿಲ್ಲ. ರಸ್ತೆಯಿಂದ ಪರದೆಗೆ ಕಣ್ಣು ತಿರುಗಿಸಿದರೆ ಸಣ್ಣ ಬಿಳಿ ಅಕ್ಷರವೆಲ್ಲ ಕಲೆಸಿಹೋಗಿರುತ್ತದೆ. ನಾಬ್‌ಗೆ ಈ ತೊಂದರೆ ಇಲ್ಲ.

ಬಟನ್ ಏಕೆ ಮಾಯವಾದವು

ಟಚ್ ಹೊಸದು ಎಂದುಕೊಳ್ಳಬೇಡಿ. 1986ರಲ್ಲೇ ಅಮೆರಿಕದ ಬ್ಯೂಕ್ ರಿವಿಯೆರಾ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳೇ ಟಿವಿಯ ಹಾಗೆ ಪಿಕ್ಚರ್ ಟ್ಯೂಬ್ ಇದ್ದ, ಹಸಿರು ಅಕ್ಷರದ ಟಚ್‌ಸ್ಕ್ರೀನ್ ಕೂರಿಸಿದ್ದರು. ರೇಡಿಯೊ, ಎಸಿ ಎಲ್ಲ ಅದರಲ್ಲೇ. ಓಡಿಸುವಾಗ ಕಣ್ಣು ಅಲ್ಲಿಗೇ ಹೋಗುತ್ತದೆ ಎಂದು ಜನ ಗೊಣಗಿದರು. 1990ರ ಮಾಡೆಲ್ಲಿಗೆ ಅದನ್ನು ತೆಗೆದೇಬಿಟ್ಟರು. ಬಳಿಕ 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಪರದೆ ಹೊತ್ತು ಬಂತು. 2017ರ ಮಾಡೆಲ್ 3ರಲ್ಲಂತೂ ಎಸಿ ಗಾಳಿಯ ದಿಕ್ಕು ಬದಲಿಸುವುದೂ, ಗ್ಲೋವ್ ಬಾಕ್ಸ್ ತೆಗೆಯುವುದೂ ಪರದೆಯಲ್ಲೇ. ಮಿಕ್ಕ ಕಂಪನಿಗಳೂ ಅದೇ ದಾರಿ ಹಿಡಿದವು. ನಮ್ಮಲ್ಲಿ 2019ರ ಎಂಜಿ ಹೆಕ್ಟರ್ 10.4 ಇಂಚಿನ ಉದ್ದುದ್ದ ಪರದೆ ತಂದಾಗ ಶೋರೂಮಿಗೆ ಬಂದವರು ಮೊದಲು ನೋಡಿದ್ದು ಅದನ್ನೇ. ಈಗ ಮಹೀಂದ್ರಾ ಎಕ್ಸ್‌ಇವಿ 9ಇ ಡ್ಯಾಶ್‌ಬೋರ್ಡಿನ ಈ ತುದಿಯಿಂದ ಆ ತುದಿಗೆ 12.3 ಇಂಚಿನ ಮೂರು ಪರದೆ ಇಟ್ಟಿದೆ.

ಕಂಪನಿಗಳಿಗೆ ಇದರಲ್ಲಿ ಉಳಿತಾಯವಿದೆ. ಒಂದೊಂದು ಬಟನ್ನಿಗೂ ಬೇರೆ ಅಚ್ಚು, ಬೇರೆ ವೈರು, ಬೇರೆ ಸಪ್ಲೈಯರ್. ಸಾವಿರಾರು ಸಲ ಒತ್ತಿ ಪರೀಕ್ಷಿಸಬೇಕು. ಎಡಗೈ ಸ್ಟೀರಿಂಗ್, ಬಲಗೈ ಸ್ಟೀರಿಂಗ್ ದೇಶಗಳಿಗೆ ಬೇರೆ ಬೇರೆ ಡ್ಯಾಶ್‌ಬೋರ್ಡ್. ಪರದೆಯಾದರೆ ಒಂದನ್ನೇ ಹತ್ತು ಮಾಡೆಲ್ಲಿಗೆ ಹಾಕಬಹುದು, ಬಟನ್ ಎಲ್ಲಿರಬೇಕೆಂದು ಕೊನೇ ಗಳಿಗೆಯಲ್ಲೂ ಸಾಫ್ಟ್‌ವೇರಿನಲ್ಲಿ ಬದಲಿಸಬಹುದು. ಹಿಂದಿನ ಕ್ಯಾಮೆರಾಕ್ಕೆ ಹೇಗೂ ಪರದೆ ಬೇಕು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಆ ಕ್ಯಾಮೆರಾ ಕಡ್ಡಾಯ. ಪರದೆ ಇದ್ದ ಮೇಲೆ ಬಟನ್ ಯಾಕೆ ಎಂಬ ಲೆಕ್ಕ. ಆದರೆ ತಪ್ಪನ್ನೆಲ್ಲ ಕಂಪನಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಮನೆಗೆ ಟಿವಿ ತರುವವರಂತೆ ಇಂಚು ಕೇಳುತ್ತಾ ಕಾರು ಆರಿಸಿದವರು ನಾವೇ.

ಬಟನ್ ಬಿಟ್ಟು ಪರದೆ ನಂಬಿದ್ದಕ್ಕೆ ಸಮುದ್ರದಲ್ಲಿ ದೊಡ್ಡ ಬೆಲೆಯನ್ನೇ ತೆತ್ತಾಗಿದೆ. 2017ರ ಆಗಸ್ಟಿನಲ್ಲಿ ಸಿಂಗಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಜಾನ್ ಎಸ್. ಮೆಕೇನ್‌ಗೂ ಒಂದು ಟ್ಯಾಂಕರ್ ಹಡಗಿಗೂ ಡಿಕ್ಕಿಯಾಗಿ ಯುದ್ಧನೌಕೆಯ ಹತ್ತು ನಾವಿಕರು ಸತ್ತರು. ಚುಕ್ಕಾಣಿ ಮತ್ತು ವೇಗದ ನಿಯಂತ್ರಣ ಟಚ್‌ಸ್ಕ್ರೀನಿನಲ್ಲಿದ್ದವು. ಯಾವ ನಿಯಂತ್ರಣ ಯಾರ ಪರದೆಯಲ್ಲಿದೆ ಎಂಬುದೇ ಸಿಬ್ಬಂದಿಗೆ ತಿಳಿಯದೆ ಗೊಂದಲವಾಗಿತ್ತು. ತರಬೇತಿಯ ಕೊರತೆಯೂ ಇತ್ತು. ತನಿಖೆಯ ನಂತರ ನೌಕಾಪಡೆ ಅಂಥ ಹಡಗುಗಳಿಗೆ ಮತ್ತೆ ಕೈಯಲ್ಲಿ ಹಿಡಿದು ತಳ್ಳುವ ಲಿವರ್ ಹಾಕಲು ತೀರ್ಮಾನಿಸಿತು.

ಕಾರಿನವರೂ ಈಗ ಹಿಂದಕ್ಕೆ ತಿರುಗುತ್ತಿದ್ದಾರೆ. ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಎಂಟನೇ ತಲೆಮಾರಿನಲ್ಲಿ ವಾಲ್ಯೂಮಿಗೂ ತಾಪಮಾನಕ್ಕೂ ಬೆರಳು ಸವರುವ ಪಟ್ಟಿ ಇಟ್ಟಿತ್ತು, ರಾತ್ರಿ ಅದಕ್ಕೆ ದೀಪವೂ ಇರಲಿಲ್ಲ. ಗಿರಾಕಿಗಳು ಬೈದ ಬೈಗುಳ ಕೇಳಿ, ವಾಲ್ಯೂಮು, ಎರಡೂ ಕಡೆಯ ತಾಪಮಾನ, ಫ್ಯಾನು, ಹಜಾರ್ಡ್ ದೀಪ ಇವಕ್ಕೆ ಮುಂದಿನ ಎಲ್ಲ ಕಾರುಗಳಲ್ಲೂ ನಿಜವಾದ ಬಟನ್ ಇರುತ್ತದೆ ಎಂದು ಅದರ ವಿನ್ಯಾಸ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್ 2025ರಲ್ಲಿ ಹೇಳಿದರು. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯೂರೊ ಎನ್‌ಕ್ಯಾಪ್ 2026ರಿಂದ ನಿಯಮ ಬಿಗಿ ಮಾಡಿದೆ. ಪೂರ್ತಿ ಅಂಕ ಬೇಕಿದ್ದರೆ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೆ ಕೈಗೆ ಸಿಗುವ ನಿಯಂತ್ರಣ ಇರಬೇಕು. ಈ ಐದು ನಮ್ಮ ಪಟ್ಟಿಗೂ ಒಳ್ಳೆಯ ಆರಂಭ. ನಮ್ಮ ರಸ್ತೆ, ನಮ್ಮ ಮಳೆಗೆ ಇನ್ನೆರಡು ಸೇರಿಸುತ್ತೇನೆ: ಎಸಿಯ ಫ್ಯಾನು, ಮುಂದಿನ ಗಾಜಿಗೆ ಗಾಳಿ ಬಿಡುವ ಡಿಫಾಗರ್.

ಶೋರೂಮಿನಲ್ಲಿ ಏನು ಮಾಡಬೇಕು

ಶೋರೂಮಿನ ಹುಡುಗ ಬಾಗಿಲು ತೆರೆದು ಕೂರಿಸಿದ ಕೂಡಲೇ ಪರದೆ ಹಚ್ಚುತ್ತಾನೆ. “ಸರ್, ಇದು ಫುಲ್ ಟಚ್, ಒಂದೂ ಬಟನ್ ಇಲ್ಲ ನೋಡಿ.” ಒಳಗಿನ ದೀಪದ ಬಣ್ಣ ನೀಲಿಯಿಂದ ನೇರಳೆಗೆ ತಿರುಗುತ್ತದೆ, ಸನ್‌ರೂಫ್ ಮಾತಿನಲ್ಲೇ ತೆರೆಯುತ್ತದೆ. ಹಿಂದಿನ ಸೀಟಿನ ಮಕ್ಕಳು ಆಗಲೇ ಕಾರು ಬುಕ್ ಮಾಡಿ ಮುಗಿಸಿರುತ್ತಾರೆ. ಅವನ ಮಾತು ಮುಗಿಯಲಿ. ಆಮೇಲೆ ಅವನನ್ನೇ ಕೇಳಿ: “ಫ್ಯಾನ್ ಸ್ಪೀಡ್ ಎರಡು ಕಡಿಮೆ ಮಾಡಪ್ಪ.” ಅವನ ಬೆರಳು ಎಷ್ಟು ಸಲ ಪರದೆ ಮುಟ್ಟಿತು, ನಡುವೆ ಎಷ್ಟು ಸಲ ತಡವರಿಸಿತು ನೋಡಿಕೊಳ್ಳಿ. ದಿನವೂ ತೋರಿಸುವವನಿಗೇ ಮೂರು ಸಲ ಮುಟ್ಟಬೇಕಾದರೆ, ಮಳೆಯಲ್ಲಿ ಶಿರಾಡಿ ಇಳಿಯುವಾಗ ನಿಮಗೆಷ್ಟಾಗಬಹುದು?

ಇದಾದ ಮೇಲೆ ನಿಮ್ಮ ಸರದಿ. ಸೀಟು ನಿಮ್ಮ ಅಳತೆಗೆ ಹೊಂದಿಸಿಕೊಂಡು, ದಿನ ಓಡಿಸುವ ಹಾಗೆ ಬೆನ್ನು ಒರಗಿಸಿ ಕೂರಿ. ಮುಂದೆ ಬಾಗಬೇಡಿ. ಬಾಗಿದರೆ ಮಾತ್ರ ಕೈಗೆ ಸಿಗುವ ಪರದೆ ಬೆಲ್ಟ್ ಹಾಕಿದಾಗ ಸಿಗುವುದಿಲ್ಲ. ಗೋಡೆಯ ಮೇಲಿನ ಯಾವುದಾದರೂ ಬೋರ್ಡಿನಲ್ಲಿ ದೃಷ್ಟಿ ನೆಟ್ಟು, ಪರದೆ ನೋಡದೆ ಒಂದೊಂದೇ ಮಾಡಿ: ವೈಪರ್ ಜೋರು ಮಾಡಿ, ಹಜಾರ್ಡ್ ದೀಪ ಹಾಕಿ, ಫ್ಯಾನ್ ಏರಿಸಿ, ಹಾಡಿನ ಸದ್ದು ಪೂರ್ತಿ ಅಡಗಿಸಿ, ಗಾಳಿ ಗಾಜಿಗೆ ತಿರುಗಿಸಿ, ಹೆಡ್‌ಲೈಟ್ ಹಾಕಿ. ಮೊದಲ ಸಲ ತಡಕಾಡುವುದು ಸಹಜ. ಮೂರನೇ ಸಲಕ್ಕೂ ಕೈಗೆ ಸಿಗದಿದ್ದರೆ ಆ ಕೆಲಸಕ್ಕೆ ಕಣ್ಣು ಬೇಕೇ ಬೇಕು ಎಂದರ್ಥ. ಹಾಡು ಬದಲಿಸುವುದಾದರೆ ಹೋಗಲಿ ಬಿಡಬಹುದು. ವೈಪರೋ ಡಿಫಾಗರೋ ಆದರೆ ನಾನಂತೂ ಆ ಕಾರು ಬಿಟ್ಟು ಮುಂದಿನ ಶೋರೂಮಿಗೆ ಹೋಗುತ್ತೇನೆ.

ನೋಡಲು ಬಟನ್ನಿನಂತೆಯೇ ಇದ್ದು ಬಟನ್ ಅಲ್ಲದವನ್ನು ಗುರುತಿಸಿ. ಹೊಳೆಯುವ ಕಪ್ಪು ಪಟ್ಟಿಯ ಮೇಲೆ ಬಿಳಿ ಚಿತ್ರ ಬರೆದಿರುತ್ತಾರೆ, ಮುಟ್ಟಿದರೆ ಸಾಕು, ಒತ್ತುವುದೇ ಬೇಡ. ಇವನ್ನು ಟಚ್ ಪ್ಯಾನೆಲ್ ಎನ್ನುತ್ತಾರೆ. ಜಾಗ ಬದಲಾಗದಿರುವುದರಿಂದ ಮೆನುವಿಗಿಂತ ಮೇಲು. ಆದರೆ ಮೈ ಪೂರಾ ನುಣುಪು, ಬೆರಳಿಗೆ ಗಡಿಯೇ ಗೊತ್ತಾಗದು. ಬಾಟಲಿ ಎತ್ತಿಕೊಳ್ಳಲು ಹೋದ ಕೈ ತಗುಲಿ ಎಸಿ ನಿಂತುಹೋಗುವುದೂ ಉಂಟು. ನಡುಹಾದಿ ಹಿಡಿದವರೂ ಇದ್ದಾರೆ. 2023ರ ಟಾಟಾ ನೆಕ್ಸಾನ್‌ನಲ್ಲಿ ಎಸಿ ಪ್ಯಾನೆಲ್ ಟಚ್ ಆಯಿತು, ಆದರೂ ತಾಪಮಾನಕ್ಕೂ ಫ್ಯಾನಿಗೂ ಮೇಲೆ ಕೆಳಗೆ ತಳ್ಳುವ ಎರಡು ಲಿವರ್ ಉಳಿಸಿದರು. ಹೆಚ್ಚು ಬಳಸುವ ಎರಡಕ್ಕೆ ಬೆರಳಿಗೆ ಹಿಡಿತ ಸಿಕ್ಕಿದ್ದೇ ದೊಡ್ಡದು.

ಟೆಸ್ಟ್ ಡ್ರೈವಿಗೆ ಕೊಡುವುದು ಸಾಮಾನ್ಯವಾಗಿ ಟಾಪ್ ಎಂಡ್. ನೀವು ಕೊಳ್ಳುವುದು ನಡುವಿನ ವೇರಿಯಂಟ್ ಆಗಿರಬಹುದು. ಎರಡರ ಡ್ಯಾಶ್‌ಬೋರ್ಡು ಬೇರೆಯೇ ಇರುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ಕೆಳಗಿನ ವೇರಿಯಂಟಿನಲ್ಲೇ ತಿರುಗಿಸುವ ನಾಬ್ ಉಳಿದಿರುತ್ತದೆ. ಕಡಿಮೆ ದುಡ್ಡಿಗೆ ಒಳ್ಳೆಯದು ಸಿಕ್ಕರೆ ಬೇಡ ಎನ್ನಬೇಡಿ. ಟೆಸ್ಟ್ ಡ್ರೈವನ್ನು ಮಧ್ಯಾಹ್ನ ಒಂದು ಸಲ, ಕತ್ತಲಾದ ಮೇಲೆ ಇನ್ನೊಂದು ಸಲ ಕೇಳಿ. ಮಧ್ಯಾಹ್ನದ ಬಿಸಿಲು ಬೆನ್ನ ಹಿಂದಿನಿಂದ ಬಿದ್ದಾಗ ಪರದೆಯಲ್ಲಿ ನಿಮ್ಮ ಅಂಗಿಯೇ ಕಾಣುತ್ತದೋ ಏನೋ ನೋಡಬೇಕು. ಪೋಲರೈಸ್ಡ್ ತಂಪು ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ನೋಡಿ, ಕೆಲವು ಪರದೆ ಕಪ್ಪಾಗಿಬಿಡುತ್ತವೆ. ರಾತ್ರಿ ನೋಡಬೇಕಾದ್ದು ಬೇರೆ: ಬೆಳಕು ಎಷ್ಟು ತಗ್ಗುತ್ತದೆ, ಪರದೆಯನ್ನು ಪೂರ್ತಿ ಆರಿಸಲು ಆಗುತ್ತದೆಯೇ, ಸ್ಟೀರಿಂಗ್ ಮೇಲಿನ ಬಟನ್‌ಗಳಿಗೆ ದೀಪ ಇದೆಯೇ.

“ಬಟನ್ ಯಾಕೆ ಸರ್, ವಾಯ್ಸ್ ಕಮಾಂಡ್ ಇದೆಯಲ್ಲ” ಎಂಬ ಉತ್ತರ ಬಂದೇ ಬರುತ್ತದೆ. ಆಗಲಿ, ಕಿಟಕಿ ಇಳಿಸಿ, ಟ್ರಾಫಿಕ್ಕಿನ ಗಲಾಟೆಯಲ್ಲಿ, ನಿಮ್ಮದೇ ಮಾತಿನ ಧಾಟಿಯಲ್ಲಿ ‘ಹೆಗ್ಗಡದೇವನಕೋಟೆ’ ಎಂದು ಹೇಳಿ ನೋಡಿ. ಅದು ಎಲ್ಲಿಗೆ ಕರೆದೊಯ್ಯಲು ಹೊರಡುತ್ತದೆ ಎನ್ನುವುದರ ಮೇಲೆ ಮುಂದಿನ ಮಾತು. ಮಾತಿನ ಆಜ್ಞೆಯೂ ಪೂರ್ತಿ ನಿರಪಾಯವಲ್ಲ. ಬ್ರಿಟನ್ನಿನ ಐಎಎಂ ರೋಡ್‌ಸ್ಮಾರ್ಟ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಪಲ್ ಕಾರ್‌ಪ್ಲೇ ಮುಟ್ಟಿ ಬಳಸಿದಾಗ ಚಾಲಕರು ಪ್ರತಿಕ್ರಿಯಿಸುವುದು ಶೇ 57ರಷ್ಟು ನಿಧಾನವಾಗಿತ್ತು, ಆಂಡ್ರಾಯ್ಡ್ ಆಟೊದಲ್ಲಿ ಶೇ 53ರಷ್ಟು. ಮಾತಿನಲ್ಲಿ ಹೇಳಿದಾಗ ಇದು ಕ್ರಮವಾಗಿ ಶೇ 36 ಮತ್ತು 30ಕ್ಕೆ ಇಳಿಯಿತು. ಕಾನೂನಿನ ಮಿತಿಯಷ್ಟು ಮದ್ಯ ಕುಡಿದಾಗ ಆಗುವ ನಿಧಾನ ಶೇ 12 ಎಂದು ಅದೇ ವರದಿ ಹೋಲಿಸಿತ್ತು.

ಮಳೆಗಾಲದ ಗಾಜು

ಬಟನ್ನಿನ ನಿಜವಾದ ಬೆಲೆ ಜುಲೈ ತಿಂಗಳ ಘಟ್ಟದಲ್ಲಿ ತಿಳಿಯುತ್ತದೆ. ನೆನೆದ ಬಟ್ಟೆ, ಕೊಡೆ, ನಾಲ್ಕು ಜನರ ಉಸಿರು ಸೇರಿ ಕಾರಿನೊಳಗೆ ತೇವ ತುಂಬಿರುತ್ತದೆ. ಹೊರಗಿನ ಮಳೆ ಗಾಜನ್ನು ತಣ್ಣಗೆ ಮಾಡಿರುತ್ತದೆ. ಆ ತಣ್ಣನೆಯ ಗಾಜಿನ ಒಳಮೈಗೆ ತೇವ ಕೂತು, ನೋಡನೋಡುತ್ತಲೇ ಬಿಳಿ ಪೊರೆ ಕಟ್ಟುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಕಟ್ಟುತ್ತದೆ. ಉಪಾಯ ಇಷ್ಟೇ: ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಫ್ಯಾನ್ ಜೋರು ಮಾಡಿ, ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಶನ್ ಬಿಟ್ಟು ಹೊರಗಿನ ಗಾಳಿಗೆ ಹಾಕಿ. ಎಸಿ ಗಾಳಿಯ ತೇವ ಹೀರುತ್ತದೆ; ಚಳಿ ಎನಿಸಿದರೆ ತಾಪಮಾನ ಏರಿಸಿ, ಎಸಿ ಮಾತ್ರ ಆರಿಸಬೇಡಿ. ಹೆಚ್ಚಿನ ಕಾರುಗಳಲ್ಲಿ ಬಾಗಿದ ಗಾಜಿನ ಮೇಲೆ ಮೂರು ಬಾಣ ಏರುವ ಚಿತ್ರದ ಒಂದೇ ಬಟನ್ ಇವೆಲ್ಲವನ್ನೂ ಒಟ್ಟಿಗೆ ಮಾಡುತ್ತದೆ.

ಕರಾವಳಿಯಲ್ಲಿ ಇದರ ಉಲ್ಟಾ. ಉಡುಪಿ, ಮಂಗಳೂರಿನ ಬೆಚ್ಚಗಿನ ಒದ್ದೆ ಗಾಳಿಯಲ್ಲಿ ಎಸಿಯನ್ನು ಹದಿನೆಂಟಕ್ಕೆ ಇಟ್ಟು ಹೋಗುತ್ತಿದ್ದರೆ ಗಾಜು ಒಳಗಿನಿಂದ ತಣ್ಣಗಾಗಿ ಹೊರಮೈಗೆ ಪೊರೆ ಬರುತ್ತದೆ. ಅಲ್ಲಿ ಡಿಫಾಗರ್ ಹಾಕಿ ಇನ್ನೂ ತಣ್ಣನೆಯ ಗಾಳಿ ಬಿಟ್ಟರೆ ಹೆಚ್ಚಾಗುತ್ತದೆ. ವೈಪರ್ ಒಂದೆರಡು ಸಲ ಆಡಿಸಿ, ಗಾಜಿಗೆ ಹೋಗುವ ಗಾಳಿ ನಿಲ್ಲಿಸಿ, ತಾಪಮಾನ ಏರಿಸಬೇಕು. ಒಳಗೋ ಹೊರಗೋ ಎಂಬ ಅನುಮಾನಕ್ಕೆ ಗಾಜನ್ನು ಒಂದು ಬೆರಳಲ್ಲಿ ಸವರಿ ನೋಡಿದರೆ ಸಾಕು.

ಈಗ ಎಣಿಸಿ. ಎಸಿ, ತಾಪಮಾನ, ಫ್ಯಾನ್, ಗಾಳಿಯ ದಿಕ್ಕು, ರೀಸರ್ಕ್ಯುಲೇಶನ್, ವೈಪರ್. ಮುಂದೇನಿದೆ ಎಂದು ಕಾಣದಿರುವ ಹೊತ್ತಿನಲ್ಲೇ ಆರು ನಿಯಂತ್ರಣ ಬೇಕು. ಇವುಗಳಲ್ಲಿ ಐದು ಪರದೆಯ ಮೆನುವಿನೊಳಗಿದ್ದರೆ, ರಸ್ತೆ ಕಾಣದಾಗ ರಸ್ತೆ ನೋಡುವುದನ್ನೂ ಬಿಡಬೇಕಾಗುತ್ತದೆ. ಜರ್ಮನಿಯಲ್ಲಿ ಒಬ್ಬ ಟೆಸ್ಲಾ ಚಾಲಕನಿಗೆ ಹೀಗೇ ಆಯಿತು. ಜೋರು ಮಳೆಯಲ್ಲಿ ವೈಪರಿನ ವೇಗ ಬದಲಿಸಲು ಪರದೆ ನೋಡಿದ, ಕಾರು ರಸ್ತೆ ಬಿಟ್ಟು ಮರಗಳಿಗೆ ಗುದ್ದಿತು. ಕೆಳಗಿನ ಕೋರ್ಟು 200 ಯೂರೊ ದಂಡ, ಒಂದು ತಿಂಗಳು ಓಡಿಸುವಂತಿಲ್ಲ ಎಂದಿತು. 2020ರಲ್ಲಿ ಕಾರ್ಲ್ಸ್‌ರುಹೆಯ ಮೇಲಿನ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಾರಿಗೇ ಜೋಡಿಸಿದ ಟಚ್‌ಸ್ಕ್ರೀನ್ ಕೂಡ ಎಲೆಕ್ಟ್ರಾನಿಕ್ ಸಾಧನವೇ, ವೈಪರಿಗಾಗಿ ನೋಡಿದರೂ ನಿಯಮ ಒಂದೇ ಎಂಬುದು ಅದರ ನಿಲುವು. ನಮ್ಮ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಹೆಸರಿಟ್ಟು ಹೇಳುವುದು ಕೈಯಲ್ಲಿ ಹಿಡಿಯುವ ಫೋನಿನಂಥ ಸಾಧನವನ್ನು. ಡ್ಯಾಶ್‌ಬೋರ್ಡಿನ ಪರದೆಯ ಹೆಸರು ಅದರಲ್ಲಿಲ್ಲ.

ಆಗಲೇ ಕೊಂಡಿದ್ದರೆ

ಪರದೆ ತುಂಬಿದ ಕಾರು ಮನೆಗೆ ಬಂದಾಗಿದ್ದರೆ ಒಂದು ಭಾನುವಾರ ಬೆಳಿಗ್ಗೆ ಅದಕ್ಕೆ ಮೀಸಲಿಡಿ. ಗಾಡಿ ನಿಂತಿರಲಿ, ಮ್ಯಾನ್ಯುಯಲ್ ತೊಡೆಯ ಮೇಲಿರಲಿ. ಎಷ್ಟೋ ಕಾರುಗಳಲ್ಲಿ ಮೊದಲ ಪುಟಕ್ಕೆ ಬೇಕಾದ ಶಾರ್ಟ್‌ಕಟ್ ಇಟ್ಟುಕೊಳ್ಳಬಹುದು. ಡಿಫಾಗರ್, ಫ್ಯಾನ್ ಅಲ್ಲಿಗೆ ತನ್ನಿ. ಸ್ಟೀರಿಂಗ್ ಮೇಲೆ ನಕ್ಷತ್ರದ ಗುರುತಿನ ಖಾಲಿ ಬಟನ್ ಇದ್ದರೆ ಅದು ನಿಮ್ಮ ಇಷ್ಟದ ಕೆಲಸಕ್ಕೆ ಬಿಟ್ಟದ್ದು, ಜನ ಅದನ್ನು ಮುಟ್ಟುವುದೇ ಇಲ್ಲ. ಆಟೊಮ್ಯಾಟಿಕ್ ಎಸಿ ಇದ್ದರೆ 24 ಅಥವಾ 25ಕ್ಕೆ ಇಟ್ಟು ಆಟೊದಲ್ಲೇ ಬಿಟ್ಟುಬಿಡಿ. ಪದೇ ಪದೇ ಕೈ ಹಾಕುವ ಚಟವೇ ಅರ್ಧ ತೊಂದರೆ. ಮ್ಯಾಪಿಗೆ ಊರು ಹಾಕುವುದು, ಹಾಡು ಆರಿಸುವುದು ಗೇಟು ದಾಟುವ ಮೊದಲೇ ಮುಗಿಯಲಿ. ಹೊರಟ ಮೇಲೆ ಪರದೆಯ ಉಸ್ತುವಾರಿ ಪಕ್ಕದ ಸೀಟಿನವರದ್ದು.

ಪರದೆ ಸತ್ತಂತೆ ನಿಂತುಬಿಟ್ಟರೆ ಮತ್ತೆ ಚಾಲೂ ಮಾಡುವ ವಿಧಾನ ಹೆಚ್ಚಿನ ಕಾರುಗಳಲ್ಲಿ ಇರುತ್ತದೆ, ಯಾವುದೋ ಒಂದು ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯುವುದು. ಯಾವುದೆಂದು ಈಗಲೇ ತಿಳಿದುಕೊಳ್ಳಿ. ಪರದೆ ಸತ್ತರೆ ಹಿಂದಿನ ಕ್ಯಾಮೆರಾ ಸತ್ತ ಹಾಗೆ; ಕತ್ತು ತಿರುಗಿಸಿ ರಿವರ್ಸ್ ತೆಗೆಯುವ ಅಭ್ಯಾಸ ಬಿಡಬೇಡಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮಾರನೇ ದಿನ ಮೆನುಗಳ ಜಾಗ ಬದಲಾಗಿರಬಹುದು, ನಿಂತ ಗಾಡಿಯಲ್ಲೇ ಒಮ್ಮೆ ಕಣ್ಣಾಡಿಸಿ.

ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಪರದೆ ಮಂಕಾಗುವುದು, ಮುಟ್ಟಿದ್ದಕ್ಕೆ ತಡವಾಗಿ ಓಗೊಡುವುದು ಸಾಮಾನ್ಯ. ಅದು ಬಿಸಿಯಿಂದ ತನ್ನನ್ನು ಕಾಪಾಡಿಕೊಳ್ಳುವ ರೀತಿ. ಬಾಗಿಲು ತೆರೆದಿಟ್ಟು ಬಿಸಿ ಹೊರಹೋಗಲು ಬಿಡಿ, ಸರಿಹೋಗುತ್ತದೆ. ಒರೆಸಲು ಒಣ ಮೈಕ್ರೊಫೈಬರ್ ಬಟ್ಟೆ ಸಾಕು. ಮನೆಯ ಕಿಟಕಿಗೆ ಬಳಸುವ ಗ್ಲಾಸ್ ಕ್ಲೀನರ್ ಸಿಂಪಡಿಸಬೇಡಿ, ಪರದೆಯ ಮೇಲಿನ ಲೇಪ ಹೋಗುತ್ತದೆ. ಆಯುಧಪೂಜೆಯ ದಿನ ಕುಂಕುಮ, ಅರಿಸಿನ ಬಾನೆಟ್ಟಿಗೂ ಸ್ಟೀರಿಂಗಿಗೂ ಇರಲಿ. ಪರದೆಗೆ ಗಂಧ ಹಚ್ಚಿ ಅದು ಅಂಚಿನ ಸಂದಿಗೆ ಇಳಿದರೆ ತೆಗೆಯುವುದು ಕಷ್ಟ. ನೀರಿನ ಹನಿಯನ್ನೂ ಅದು ಬೆರಳೆಂದೇ ತಿಳಿಯುತ್ತದೆ, ಒದ್ದೆ ಕೈಯಿಂದ ಮುಟ್ಟಿದರೆ ಒಂದು ಒತ್ತಿದ್ದಕ್ಕೆ ಮತ್ತೊಂದು ತೆರೆಯುತ್ತದೆ.

ಹಳೇ ಕಾರಿಗೆ ಪರದೆ ಹಾಕಿಸುವವರು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಊರೂರಿನ ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ಹಳೇ ಸ್ಟೀರಿಯೊ ಕಿತ್ತು ಆಂಡ್ರಾಯ್ಡ್ ಪರದೆ ಕೂರಿಸುವ ವ್ಯಾಪಾರ ಭರ್ಜರಿ. ಕಿತ್ತ ಸ್ಟೀರಿಯೊ ಜೊತೆಗೆ ವಾಲ್ಯೂಮಿನ ನಾಬೂ ಹೋಗುತ್ತದೆ ಎಂಬುದು ಮನೆಗೆ ಬಂದ ಮೇಲೆ ನೆನಪಾಗುತ್ತದೆ. ನಾಬ್ ಇರುವ ಮಾಡೆಲ್ ಕೇಳಿ ಪಡೆಯಿರಿ, ಸ್ಟೀರಿಂಗಿನಲ್ಲಿ ಬಟನ್ ಇದ್ದರೆ ಅವು ಹೊಸ ಪರದೆಗೂ ಕೆಲಸ ಮಾಡುವಂತೆ ಜೋಡಿಸಲು ಹೇಳಿ. ವೈರು ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ. ನಿಮ್ಮ ಮಾಡೆಲ್ಲಿಗೆ ಸರಿಹೊಂದುವ ಕಪ್ಲರ್ ಸಿಗುತ್ತದೆ, ವಾರಂಟಿ ಇರುವ ಗಾಡಿಗಂತೂ ಅದೇ ಬೇಕು.

ಒಂದು ವೈರಿನ ಮೇಲೆ ಕಣ್ಣಿಡಿ. ಹ್ಯಾಂಡ್‌ಬ್ರೇಕ್ ಎಳೆದಿದ್ದಾಗ ಮಾತ್ರ ವಿಡಿಯೊ ಓಡಬೇಕೆಂದು ಕಂಪನಿ ಕೊಟ್ಟಿರುವ ವೈರು ಅದು. ಓಡುವಾಗಲೂ ಸಿನಿಮಾ ಬರಲಿ ಎಂದು ಅದನ್ನು ಅರ್ತ್‌ಗೆ ಕೊಟ್ಟುಬಿಡುವುದು ಅಂಗಡಿಯವರ ರೂಢಿ, ಕೇಳದೆಯೇ ಮಾಡುತ್ತಾರೆ. “ಅದನ್ನು ಹ್ಯಾಂಡ್‌ಬ್ರೇಕಿಗೇ ಕೊಡಿ ಅಣ್ಣ” ಎಂದು ಮೊದಲೇ ಹೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಹಳೇ ಕಾರಿನ ನಾಬ್ ಸಡಿಲವಾದರೆ ಮೆಕ್ಯಾನಿಕ್ ಅದೊಂದನ್ನೇ ಬದಲಿಸುತ್ತಾನೆ. ಪರದೆ ಹೋದರೆ ಎಸಿ, ಕ್ಯಾಮೆರಾ, ಹಾಡು ಎಲ್ಲ ಒಟ್ಟಿಗೆ ಹೋಗುತ್ತವೆ, ಸಾಮಾನ್ಯವಾಗಿ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. 2021ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಸುಮಾರು 1.35 ಲಕ್ಷ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಪರದೆಯ ಹಿಂದಿನ ಮೆಮೊರಿ ಚಿಪ್ ಬರೆದು ಬರೆದು ಸವೆದು, ಹಿಂದಿನ ಕ್ಯಾಮೆರಾವೂ ಗಾಜಿನ ಮಂಜು ತೆಗೆಯುವ ನಿಯಂತ್ರಣವೂ ನಿಂತುಹೋಗುತ್ತಿದ್ದವು. ಹೀಗಾಗಿ ಐದಾರು ವರ್ಷದ ಕಾರು ನೋಡಲು ಹೋದಾಗ ಟೈರು, ಎಂಜಿನ್ನಿನಷ್ಟೇ ಪರದೆಯನ್ನೂ ನೋಡಿ. ಮ್ಯಾಪ್ ತೆರೆದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬೆರಳು ಎಳೆಯಿರಿ. ನಡುವೆ ಎಲ್ಲಾದರೂ ಮ್ಯಾಪ್ ಚಲಿಸದೆ ನಿಂತರೆ ಅಲ್ಲಿ ಟಚ್ ಸತ್ತಿದೆ. ಕೀಬೋರ್ಡ್ ತೆರೆದು ಎಲ್ಲ ಅಕ್ಷರ ಒತ್ತಿ. ಅಂಚಿನಲ್ಲಿ ಹಳದಿ ಕಲೆಯೋ ಗುಳ್ಳೆಯೋ ಇದ್ದರೆ ಬಿಸಿಲು ತಿಂದಿರುವ ಗುರುತು. ಸಾಧ್ಯವಾದರೆ ಬಿಸಿಲಲ್ಲಿ ಒಂದು ತಾಸು ನಿಂತ ಮೇಲೆ ಇದನ್ನೆಲ್ಲ ಮಾಡಿ. ಅದೇ ಪರದೆ ಹೊಸದಾಗಿ ಹಾಕಿಸಲು ಎಷ್ಟಾಗುತ್ತದೆ ಎಂದು ಕಂಪನಿಯ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ ಕೇಳಿಕೊಂಡು ಹೋದರೆ ಚೌಕಾಶಿಗೂ ಆಗುತ್ತದೆ. ಹೊಸ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಳ್ಳುವವರೂ ಅದರಲ್ಲಿ ಪರದೆ ಸೇರಿದೆಯೇ ಎಂದು ಓದಿ ನೋಡಬೇಕು.

ಇಂಟರ್‌ನೆಟ್ ಜೋಡಿಸಿದ ಕಾರಾದರೆ ಇನ್ನೊಂದು ಕೆಲಸ ಬಾಕಿ. ಹಳೇ ಮಾಲೀಕರು ತಮ್ಮ ಫೋನಿನ ಆ್ಯಪಿನಿಂದ ಕಾರನ್ನು ತೆಗೆಯದೆ ಹೋದರೆ, ನಿಮ್ಮ ಗಾಡಿ ಎಲ್ಲಿ ನಿಂತಿದೆ ಎನ್ನುವುದು ಅವರಿಗೆ ಕಾಣುತ್ತಲೇ ಇರಬಹುದು, ಕೆಲವು ಮಾಡೆಲ್‌ಗಳಲ್ಲಿ ಬಾಗಿಲ ಲಾಕ್ ತೆರೆಯಲೂ ಬಹುದು. ದುಡ್ಡು ಕೈಬದಲಾಗುವ ಮೊದಲು, ಅವರ ಎದುರಿಗೇ ಆ್ಯಪಿನಿಂದ ಕಾರನ್ನು ತೆಗೆಸಿ, ಪರದೆಯ ಸೆಟ್ಟಿಂಗ್ಸಿನಲ್ಲಿ ಫ್ಯಾಕ್ಟರಿ ರೀಸೆಟ್ ಒತ್ತಿಸಿ, ಅವರ ಮನೆಮಂದಿಯ ಫೋನ್ ನಂಬರುಗಳೆಲ್ಲ ಅಳಿಸಿಹೋದವೇ ಎಂದು ಕಾಂಟ್ಯಾಕ್ಟ್ಸ್ ಪುಟ ತೆರೆದು ನೋಡಿ.